ಕಾಫಿ ಹೂರಣದ ಚಾಕೊಲೇಟ್: ಮನೆಯಲ್ಲಿ ಮಾಡುವಾಗ ನೀರಿನ ಲೆಕ್ಕ ಏಕೆ ಮುಖ್ಯ?

ಹೊರಗೆ ಕಟುಕೆನ್ನುವ ಚಾಕೊಲೇಟ್, ಒಳಗೆ ಮೆತ್ತಗಿನ ಕಾಫಿ ಹೂರಣ. ಇಂತಹ ಚಾಕೊಲೇಟನ್ನು ಮನೆಯಲ್ಲೇ ಮಾಡಿ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಹಂಚುವವರು ಈಗ ಬಹಳ ಮಂದಿ ಇದ್ದಾರೆ. ಸಾಮಗ್ರಿ ಕಡಿಮೆ, ಒಲೆಯ ಮುಂದೆ ನಿಲ್ಲುವ ಹೊತ್ತೂ ಕಡಿಮೆ. ಆದರೂ ಮೂರು ದೂರುಗಳು ಮತ್ತೆ ಮತ್ತೆ ಕೇಳಿಬರುತ್ತವೆ: ಕರಗಿಸುವಾಗ ಚಾಕೊಲೇಟ್ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಮುದ್ದೆಯಾಯಿತು, ಎರಡು ದಿನದಲ್ಲಿ ಮೇಲೆ ಬಿಳಿ ಮಚ್ಚೆ ಬಂತು, ವಾರ ಕಳೆಯುವಷ್ಟರಲ್ಲಿ ಒಳಗಿನ ಹೂರಣ ಹುಳಿ ವಾಸನೆ ಹೊಡೆಯಿತು.

ಮೊದಲ ಮತ್ತು ಮೂರನೆಯ ದೂರಿಗೆ ಕಾರಣ ನೀರು. ಎರಡನೆಯದಕ್ಕೂ ಎಷ್ಟೋ ಸಲ ಅದೇ ಕಾರಣ. ಚಾಕೊಲೇಟಿನಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ, ತೂಕದ ಶೇ. 1ರ ಆಸುಪಾಸು. ನಾವು ಕುಡಿಯುವ ಕಾಫಿಯೋ ಬಹುಪಾಲು ನೀರೇ. ಈ ಎರಡನ್ನು ಒಂದೇ ತುತ್ತಿನಲ್ಲಿ ಕೂಡಿಸುವುದು ಹೇಗೆ, ಹಾಗೆ ಕೂಡಿಸಿದ್ದು ಎಷ್ಟು ದಿನ ಸುರಕ್ಷಿತ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಯಾವ ಚಾಕೊಲೇಟ್ ಕೊಳ್ಳಬೇಕು?

ಅಂಗಡಿಯಲ್ಲಿ ಎರಡು ಬಗೆಯ ಚಾಕೊಲೇಟ್ ಗಟ್ಟಿಗಳು ಸಿಗುತ್ತವೆ. ಒಂದರಲ್ಲಿ ಇರುವ ಕೊಬ್ಬು ಕೋಕೋ ಬೆಣ್ಣೆ, ಅಂದರೆ ಕೋಕೋ ಬೀಜದಿಂದಲೇ ಬಂದ ಕೊಬ್ಬು. ಇದರಲ್ಲಿ ಕೋಕೋ ಬೆಣ್ಣೆ ಹೆಚ್ಚಿರುವುದನ್ನು ಕೂವರ್ಚರ್ ಎನ್ನುತ್ತಾರೆ. ಇನ್ನೊಂದರಲ್ಲಿ ಕೋಕೋ ಬೆಣ್ಣೆಯ ಬದಲು ತಾಳೆಕಾಯಿಯಂತಹ ಬೇರೆ ಸಸ್ಯಗಳ ಕೊಬ್ಬು ಇರುತ್ತದೆ. ಇದು ಕಾಂಪೌಂಡ್. ಬೆಲೆ ಕಡಿಮೆ, ಕರಗಿಸಿ ಅಚ್ಚಿಗೆ ಸುರಿದರೆ ತಾನಾಗಿ ಗಟ್ಟಿಯಾಗುತ್ತದೆ. ಆದರೆ ಬಾಯಲ್ಲಿ ಪೂರ್ತಿ ಕರಗದೆ ನಾಲಿಗೆಯ ಮೇಲೆ ಜಿಡ್ಡು ಉಳಿದಂತೆ ಅನಿಸಬಹುದು. ಯಾವುದು ಯಾವುದೆಂದು ತಿಳಿಯಲು ಪೊಟ್ಟಣದ ಹಿಂದಿನ ಸಾಮಗ್ರಿ ಪಟ್ಟಿ ಓದಿದರೆ ಸಾಕು. ಕೊಬ್ಬಿನ ಜಾಗದಲ್ಲಿ ಮೊದಲು ಕಾಣುವುದು ಕೋಕೋ ಬೆಣ್ಣೆಯೋ ಹೈಡ್ರೋಜನೀಕರಿಸಿದ ಸಸ್ಯಜನ್ಯ ಕೊಬ್ಬೋ ನೋಡಿ.

ಕಾಫಿ ಮತ್ತು ಕೋಕೋ ಎರಡೂ ನಮ್ಮ ನೆಲದಲ್ಲೇ ಬೆಳೆಯುತ್ತವೆ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದು, ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದ್ದೇ ಅದರಲ್ಲಿ ಸಿಂಹಪಾಲು. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಉಪಬೆಳೆ. 1973ರಲ್ಲಿ ಶುರುವಾದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಹೂರಣ ತುಂಬಿದ ಚಾಕೊಲೇಟ್ ಮಾತ್ರ ಯುರೋಪಿನಿಂದ ಬಂದದ್ದು. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ 1912ರಲ್ಲಿ ಜಾನ್ ನಾಯ್‌ಹೌಸ್ ಗಟ್ಟಿ ಚಾಕೊಲೇಟ್ ಕವಚದೊಳಗೆ ಮೆತ್ತನೆಯ ಹೂರಣ ತುಂಬಿ ಮಾರಲು ತೊಡಗಿದರು. ಅಲ್ಲಿ ಅದಕ್ಕೆ ಪ್ರಲೀನ್ ಎಂದು ಹೆಸರು.

ಒಂದು ಹನಿ ನೀರಿಗೆ ಚಾಕೊಲೇಟ್ ಏಕೆ ಮುದ್ದೆಯಾಗುತ್ತದೆ?

ಕರಗಿದ ಚಾಕೊಲೇಟ್ ನೋಡಲು ದ್ರವ. ನಿಜವಾಗಿ ಅದು ಬಿಸಿ ಕೊಬ್ಬಿನಲ್ಲಿ ತೇಲುತ್ತಿರುವ ಸಕ್ಕರೆ ಮತ್ತು ಕೋಕೋ ಪುಡಿಯ ಅತಿ ಸಣ್ಣ ಕಣಗಳ ರಾಶಿ. ಪ್ರತಿ ಕಣದ ಸುತ್ತ ಕೊಬ್ಬಿನ ಪದರ ಇರುವುದರಿಂದ ಅವು ಒಂದರ ಮೇಲೊಂದು ಜಾರುತ್ತವೆ. ಇದಕ್ಕೆ ಸ್ವಲ್ಪ ನೀರು ಬಿದ್ದರೆ ಸಕ್ಕರೆ ಕಣಗಳು ಅದನ್ನು ಹೀರಿಕೊಂಡು ಹೊರಮೈಯಲ್ಲಿ ಅಂಟಾಗುತ್ತವೆ. ಒದ್ದೆ ಚಮಚ ಹಾಕಿದ ಸಕ್ಕರೆ ಡಬ್ಬಿಯಲ್ಲಿ ಗಂಟು ಕಟ್ಟುವುದೂ ಹೀಗೆಯೇ. ಕಣಗಳು ಒಂದಕ್ಕೊಂದು ಅಂಟಿ, ಇಡೀ ಚಾಕೊಲೇಟ್ ಒರಟು ಮುದ್ದೆಯಾಗುತ್ತದೆ.

ಹಾಗಿದ್ದರೆ ಚಾಕೊಲೇಟಿಗೆ ಹಾಲು, ಕ್ರೀಮ್ ಹಾಕಿದಾಗ ಹೀಗೇಕೆ ಆಗುವುದಿಲ್ಲ? ಅವುಗಳಲ್ಲೂ ಬೇಕಾದಷ್ಟು ನೀರು ಇದೆಯಲ್ಲ? ಉತ್ತರ ಪ್ರಮಾಣದಲ್ಲಿದೆ. ನೀರು ಹೆಚ್ಚಿದ್ದರೆ ಸಕ್ಕರೆ ಅಂಟಾಗಿ ನಿಲ್ಲದೆ ಕರಗಿಬಿಡುತ್ತದೆ. ಕೊಬ್ಬು ಸಣ್ಣ ಹನಿಗಳಾಗಿ ಆ ಸಕ್ಕರೆ ನೀರಿನಲ್ಲಿ ತೇಲುತ್ತದೆ. ಹೀಗೆ ಎಣ್ಣೆ ಮತ್ತು ನೀರು ಹೊಂದಿಕೊಂಡಿರುವ ಮಿಶ್ರಣವೇ ಎಮಲ್ಷನ್; ಹಾಲು ಕೂಡ ಒಂದು ಎಮಲ್ಷನ್. ಚಾಕೊಲೇಟ್ ಮತ್ತು ಕ್ರೀಮಿನ ಇಂತಹ ಮಿಶ್ರಣಕ್ಕೆ ಗನಾಶ್ ಎನ್ನುತ್ತಾರೆ. ಅಂದಾಜಿಗೆ, 100 ಗ್ರಾಂ ಚಾಕೊಲೇಟಿಗೆ 25ರಿಂದ 30 ಮಿ.ಲೀ. ನೀರಾದರೂ ಸೇರಿದರೆ ಅದು ಮುದ್ದೆಯಾಗದೆ ನಯವಾಗಿ ಕೂಡಿಕೊಳ್ಳುತ್ತದೆ. ಕೋಕೋ ಹೆಚ್ಚಿರುವ ಕಹಿ ಚಾಕೊಲೇಟಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು.

ಆದ್ದರಿಂದ ಚಾಕೊಲೇಟಿಗೆ ನೀರು ತಾಗಲೇಬಾರದು ಎಂಬ ಮಾತು ಅರ್ಧ ಸತ್ಯ. ಹೊರಕವಚಕ್ಕೆ ಒಂದು ಹನಿಯೂ ಬೇಡ. ಹೂರಣಕ್ಕೆ ಸಾಕಷ್ಟು ಬೇಕು. ಇವೆರಡರ ನಡುವಿನ ಅರೆಬರೆ ಪ್ರಮಾಣವೇ ತೊಂದರೆ. ಕವಚದ ಚಾಕೊಲೇಟ್ ಮುದ್ದೆಯಾಗಿಬಿಟ್ಟರೆ ಎಸೆಯಬೇಡಿ. ಬಿಸಿ ಹಾಲನ್ನು ಚಮಚ ಚಮಚವಾಗಿ ಸೇರಿಸಿ ಕದಡಿದರೆ ಅದು ಮತ್ತೆ ನಯವಾಗುತ್ತದೆ. ಕವಚಕ್ಕೆ ಬಾರದಿದ್ದರೂ ಐಸ್‌ಕ್ರೀಮಿನ ಮೇಲೆ ಸುರಿಯುವ ಸಾಸ್ ಆಗುತ್ತದೆ.

ಕಾಫಿಯನ್ನು ಯಾವ ರೂಪದಲ್ಲಿ ಹಾಕಬೇಕು?

ಫಿಲ್ಟರ್ ಕಾಫಿ ಪುಡಿಯನ್ನು ನೇರವಾಗಿ ಹೂರಣಕ್ಕೆ ಬೆರೆಸುವುದು ಸಾಮಾನ್ಯ ತಪ್ಪು. ಆ ಪುಡಿ ಹುರಿದ ಬೀಜದ ಚೂರು, ಅದರ ಬಹುಭಾಗ ಕರಗುವುದೇ ಇಲ್ಲ. ತಿನ್ನುವಾಗ ಹಲ್ಲಿಗೆ ಚರಟ ಸಿಕ್ಕಂತಾಗುತ್ತದೆ. ಸರಿಯಾದ ದಾರಿಗಳು ಮೂರು.

ಮೊದಲನೆಯದು ಇನ್‌ಸ್ಟಂಟ್ ಕಾಫಿ. ಇದು ಡಿಕಾಕ್ಷನ್ ತೆಗೆದು, ಅದರ ನೀರನ್ನು ಒಣಗಿಸಿ ಮಾಡಿದ ಪುಡಿ. ಬಿಸಿ ಕ್ರೀಮಿನಲ್ಲಿ ಪೂರ್ತಿ ಕರಗುತ್ತದೆ, ಹೆಚ್ಚುವರಿ ನೀರು ತರುವುದಿಲ್ಲ. ಮನೆಯ ಅಡುಗೆಗೆ ಇದೇ ಸುಲಭ.

ಎರಡನೆಯದು ಗಟ್ಟಿ ಡಿಕಾಕ್ಷನ್. ರುಚಿ ನಮಗೆ ಪರಿಚಿತವಾದದ್ದೇ. ಆದರೆ 20 ಮಿ.ಲೀ. ಡಿಕಾಕ್ಷನ್ ಹಾಕಿದರೆ ಅಷ್ಟೇ ಕ್ರೀಮ್ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಹೂರಣ ಸಡಿಲವಾಗುತ್ತದೆ. ನಮ್ಮ ಕಡೆಯ ಪುಡಿಯಲ್ಲಿ ಚಿಕೋರಿ ಬೆರೆತಿರುವುದು ಸಾಮಾನ್ಯ. ಚಿಕೋರಿ ಒಂದು ಗಿಡದ ಹುರಿದ ಬೇರು. ಬಣ್ಣ, ಮಂದ ಮತ್ತು ಕಹಿ ಕೊಡುತ್ತದೆ, ಕೆಫೀನ್ ಅದರಲ್ಲಿಲ್ಲ. ಚಾಕೊಲೇಟಿನ ಕಹಿಯೂ ಸೇರುವುದರಿಂದ ಚಿಕೋರಿ ಹೆಚ್ಚಿದ್ದರೆ ಹೂರಣ ತೀರಾ ಕಹಿಯಾಗಬಹುದು.

ಮೂರನೆಯದು ಹುರಿದ ಬೀಜವನ್ನು ಕ್ರೀಮಿನಲ್ಲಿ ನೆನೆಸುವುದು. ಸುಮಾರು 10 ಗ್ರಾಂ ಬೀಜವನ್ನು ಒರಳಿನಲ್ಲಿ ಜಜ್ಜಿ, 90 ಮಿ.ಲೀ. ಕ್ರೀಮಿನಲ್ಲಿ ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಸೋಸಿಕೊಳ್ಳಬೇಕು. ಕಾಫಿಯ ಪರಿಮಳ ಕೊಡುವ ಎಷ್ಟೋ ಅಂಶಗಳು ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ತಣ್ಣಗಿನ ಕ್ರೀಮಿಗೆ ಕಹಿ ಅಷ್ಟಾಗಿ ಇಳಿಯುವುದಿಲ್ಲ. ಬೀಜ ಸ್ವಲ್ಪ ಕ್ರೀಮನ್ನು ಹೀರಿಕೊಳ್ಳುವುದರಿಂದ ಸೋಸಿದ ಮೇಲೆ ಮತ್ತೆ ಅಳೆದುಕೊಳ್ಳಿ.

ಬೇಕಾಗುವ ಸಾಮಗ್ರಿ (ಸುಮಾರು 30 ಚಾಕೊಲೇಟಿಗೆ)

ಹೊರಕವಚಕ್ಕೆ: 300 ಗ್ರಾಂ ಕೋಕೋ ಬೆಣ್ಣೆಯ ಡಾರ್ಕ್ ಚಾಕೊಲೇಟ್, ಶೇ. 50ರಿಂದ 55 ಕೋಕೋ ಇರುವಂಥದ್ದು. ಇದರಲ್ಲಿ 200 ಗ್ರಾಂನಷ್ಟು ಖರ್ಚಾಗುತ್ತದೆ. ಉಳಿದದ್ದನ್ನು ಗಟ್ಟಿ ಮಾಡಿ ಮುಂದಿನ ಸಲಕ್ಕೆ ಇಟ್ಟುಕೊಳ್ಳಬಹುದು.

ಹೂರಣಕ್ಕೆ: ಅದೇ ಡಾರ್ಕ್ ಚಾಕೊಲೇಟ್ 120 ಗ್ರಾಂ, ಶೇ. 25 ಕೊಬ್ಬಿನ ಫ್ರೆಶ್ ಕ್ರೀಮ್ 60 ಮಿ.ಲೀ., ಇನ್‌ಸ್ಟಂಟ್ ಕಾಫಿ 4 ಗ್ರಾಂ (ಎರಡು ಸಣ್ಣ ಚಮಚ), ಜೇನುತುಪ್ಪ 15 ಗ್ರಾಂ, ಬೆಣ್ಣೆ 10 ಗ್ರಾಂ, ಚಿಟಿಕೆ ಉಪ್ಪು.

ಇವಲ್ಲದೆ ಚಾಕೊಲೇಟ್ ಅಚ್ಚು, ಅಡುಗೆಯ ಡಿಜಿಟಲ್ ಥರ್ಮಾಮೀಟರ್ ಮತ್ತು ತೂಕದ ಯಂತ್ರ ಇರಲಿ. ಅಚ್ಚು, ಪಾತ್ರೆ, ಚಮಚಗಳಲ್ಲಿ ಚೂರೂ ಪಸೆ ಇರಬಾರದು.

ಹೊರಕವಚ: ಟೆಂಪರಿಂಗ್ ಎಂದರೇನು?

ಕೋಕೋ ಬೆಣ್ಣೆ ಗಟ್ಟಿಯಾಗುವಾಗ ಆರು ಬಗೆಯ ಹರಳುಗಳಾಗಿ ಜೋಡಣೆಗೊಳ್ಳಬಲ್ಲದು. ನಮಗೆ ಬೇಕಾದದ್ದು ಐದನೆಯ ಬಗೆ. ಇದು 33-34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅಂದರೆ ಕೈಯಲ್ಲಿ ಹಿಡಿದಾಗ ಸ್ವಲ್ಪ ಹೊತ್ತು ಗಟ್ಟಿಯಾಗಿದ್ದು, ಬಾಯಿಗೆ ಹಾಕಿದರೆ ಕರಗುತ್ತದೆ. ಹೊಳಪು ಮತ್ತು ಮುರಿದಾಗ ಬರುವ ಕಟ್ ಎಂಬ ಸದ್ದು ಕೂಡ ಇದರಿಂದಲೇ. ಉಳಿದ ಬಗೆಗಳನ್ನು ಕರಗಿಸಿ, ಇದೊಂದೇ ಹರಳು ಬೆಳೆಯುವಂತೆ ಶಾಖವನ್ನು ಹಿಡಿತದಲ್ಲಿಡುವುದೇ ಟೆಂಪರಿಂಗ್.

ಮನೆಯಲ್ಲಿ ಸುಲಭವಾದದ್ದು ಹೆಪ್ಪು ಹಾಕುವ ವಿಧಾನ. ಹಾಲಿಗೆ ಹೆಪ್ಪು ಹಾಕಿದಂತೆ ಇಲ್ಲಿ ಕರಗಿದ ಚಾಕೊಲೇಟಿಗೆ ಗಟ್ಟಿ ಚಾಕೊಲೇಟಿನ ಚೂರು ಹಾಕುತ್ತೇವೆ. ಅಂಗಡಿಯಿಂದ ತಂದ ಗಟ್ಟಿಯಲ್ಲಿ ಸರಿಯಾದ ಹರಳುಗಳು ಆಗಲೇ ಇರುತ್ತವೆ.

1. 200 ಗ್ರಾಂ ಚಾಕೊಲೇಟನ್ನು ಹೆಚ್ಚಿ ಬೋಗುಣಿಗೆ ಹಾಕಿ. ಬಿಸಿನೀರಿನ ಪಾತ್ರೆಯ ಮೇಲಿಟ್ಟು 45 ಡಿಗ್ರಿಯವರೆಗೆ ಕರಗಿಸಿ. ಬೋಗುಣಿಯ ತಳ ನೀರಿಗೆ ತಾಗಬಾರದು, ನೀರು ಕುದಿಯಬಾರದು. ಬೋಗುಣಿಯ ಬಾಯಿ ಕೆಳಗಿನ ಪಾತ್ರೆಗಿಂತ ಅಗಲವಾಗಿದ್ದರೆ ಹಬೆ ಒಳಗೆ ಬರುವುದಿಲ್ಲ.
2. ಕೆಳಗಿಳಿಸಿ ಬೋಗುಣಿಯ ತಳ ಒರೆಸಿ. ಉಳಿದ 100 ಗ್ರಾಂ ಚೂರುಗಳನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಕದಡಿ. ಶಾಖ 31-32 ಡಿಗ್ರಿಗೆ ಇಳಿಯಬೇಕು. ಹಾಲಿನ ಚಾಕೊಲೇಟ್ ಬಳಸುವುದಾದರೆ 29-30 ಡಿಗ್ರಿ.
3. ಚಾಕುವಿನ ತುದಿಗೆ ಸ್ವಲ್ಪ ಸವರಿ ಎರಡು ಮೂರು ನಿಮಿಷ ಫ್ರಿಜ್‌ನಲ್ಲಿಡಿ. ಗೆರೆಗಳಿಲ್ಲದೆ ಹೊಳಪಾಗಿ ಗಟ್ಟಿಯಾದರೆ ಟೆಂಪರಿಂಗ್ ಆಗಿದೆ. ಇಲ್ಲದಿದ್ದರೆ ಇನ್ನಷ್ಟು ಚೂರು ಹಾಕಿ ಕದಡಿ.
4. ಅಚ್ಚಿನ ಗುಳಿಗಳಿಗೆ ತುಂಬ ಸುರಿದು, ಅಚ್ಚನ್ನು ಮೇಜಿಗೆ ಮೆಲ್ಲಗೆ ತಟ್ಟಿ. ಗಾಳಿಗುಳ್ಳೆ ಹೋಗುತ್ತದೆ. ಬಳಿಕ ಬೋಗುಣಿಯ ಮೇಲೆ ಅಚ್ಚನ್ನು ಕವುಚಿ ಹಾಕಿ. ಹೆಚ್ಚಿನದು ಬಸಿದುಹೋಗಿ ಗುಳಿಯ ಗೋಡೆಗೆ ತೆಳು ಪದರ ಉಳಿಯುತ್ತದೆ. ಅಂಚು ಹೆರೆದು 10 ನಿಮಿಷ ಫ್ರಿಜ್‌ನಲ್ಲಿಡಿ.

ಚಾಕೊಲೇಟ್ ಕೆಲಸಕ್ಕೆ 20-22 ಡಿಗ್ರಿಯ ಕೋಣೆ ಒಳ್ಳೆಯದು. ಬೇಸಿಗೆಯಲ್ಲಿ ನಮ್ಮ ಅಡುಗೆಮನೆ 30 ಡಿಗ್ರಿ ದಾಟಿರುತ್ತದೆ, ಕರಾವಳಿಯಲ್ಲಿ ಸೆಕೆಯ ಜೊತೆ ತೇವವೂ ಸೇರುತ್ತದೆ. ಬೆಳಗಿನ ಜಾವ ಅಥವಾ ಎಸಿ ಇರುವ ಕೋಣೆಯಲ್ಲಿ ಮಾಡುವುದು ಮೇಲು. ಅಷ್ಟು ಅನುಕೂಲವಿಲ್ಲದಿದ್ದರೆ ಕಾಂಪೌಂಡ್ ಬಳಸುವುದರಲ್ಲಿ ತಪ್ಪಿಲ್ಲ. ಅದಕ್ಕೆ ಟೆಂಪರಿಂಗ್ ಬೇಡ.

ಹೂರಣ ಮತ್ತು ಮುಚ್ಚಳ

1. ಕ್ರೀಮ್, ಜೇನುತುಪ್ಪ, ಉಪ್ಪು ಸೇರಿಸಿ ಕುದಿ ಬರುವವರೆಗೆ ಕಾಯಿಸಿ. ಕಾಫಿ ಪುಡಿ ಹಾಕಿ ಕರಗಿಸಿ.
2. ಸಣ್ಣಗೆ ಹೆಚ್ಚಿದ 120 ಗ್ರಾಂ ಚಾಕೊಲೇಟಿನ ಮೇಲೆ ಸುರಿದು ಒಂದು ನಿಮಿಷ ಬಿಡಿ. ನಡುವಿನಿಂದ ಶುರುಮಾಡಿ ಹೊರಗಿನವರೆಗೆ ಮೆಲ್ಲಗೆ ಕದಡಿ. ಸ್ವಲ್ಪ ಆರಿದ ಮೇಲೆ ಬೆಣ್ಣೆ ಸೇರಿಸಿ.
3. ಎಣ್ಣೆ ಬಿಟ್ಟುಕೊಂಡಂತೆ ಕಂಡರೆ ಒಂದು ಚಮಚ ಬಿಸಿ ಹಾಲು ಹಾಕಿ ಕದಡಿ. ಕೊಬ್ಬಿನ ಹನಿಗಳು ತೇಲಲು ನೀರು ಸಾಲದೆ ಹೋದಾಗ ಹೀಗಾಗುತ್ತದೆ. ನೀರು ಸೇರಿದರೆ ಮತ್ತೆ ಕೂಡಿಕೊಳ್ಳುತ್ತದೆ.
4. ಹೂರಣ 28 ಡಿಗ್ರಿಗೆ ಆರಲಿ. ಅದಕ್ಕಿಂತ ಬಿಸಿಯಿದ್ದರೆ ಕವಚವೇ ಕರಗೀತು. ಪೈಪಿಂಗ್ ಚೀಲದಿಂದ ಗುಳಿಗಳಿಗೆ ತುಂಬಿ, ಮೇಲೆ 2 ಮಿ.ಮೀ. ಜಾಗ ಬಿಡಿ. ಮುಚ್ಚಿ ಎರಡು ಗಂಟೆ ಫ್ರಿಜ್‌ನಲ್ಲಿಡಿ.
5. ಉಳಿದ ಚಾಕೊಲೇಟನ್ನು ಮತ್ತೆ 31-32 ಡಿಗ್ರಿಗೆ ತಂದು ಮೇಲೆ ಸವರಿ ಮುಚ್ಚಳ ಮಾಡಿ. ಅದು 34 ಡಿಗ್ರಿ ದಾಟಿದರೆ ಹರಳುಗಳೆಲ್ಲ ಕರಗಿ ಟೆಂಪರಿಂಗ್ ಮೊದಲಿನಿಂದ ಆಗಬೇಕು.
6. 15 ನಿಮಿಷ ಫ್ರಿಜ್‌ನಲ್ಲಿಟ್ಟು ಅಚ್ಚು ಕವುಚಿ. ಸರಿಯಾಗಿ ಟೆಂಪರ್ ಆದ ಚಾಕೊಲೇಟ್ ಗಟ್ಟಿಯಾಗುವಾಗ ತುಸು ಕುಗ್ಗುವುದರಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ.

ಬಿಳಿ ಮಚ್ಚೆ ಬೂಷ್ಟೇ?

ಚಾಕೊಲೇಟಿನ ಮೇಲಿನ ಬಿಳಿ ಪದರವನ್ನು ಬೂಷ್ಟು ಎಂದುಕೊಂಡು ಎಸೆಯುವವರು ಹಲವರು. ಹೆಚ್ಚಿನ ಸಲ ಅದು ಬೂಷ್ಟಲ್ಲ. ಟೆಂಪರಿಂಗ್ ಸರಿಯಾಗದಿದ್ದಾಗ ಅಥವಾ ಬಿಸಿಗೆ ಕರಗಿ ಮತ್ತೆ ಗಟ್ಟಿಯಾದಾಗ ಕೋಕೋ ಬೆಣ್ಣೆ ಮೇಲಕ್ಕೆ ಬಂದು ಬಿಳಿಚುತ್ತದೆ. ಇದು ಕೊಬ್ಬಿನ ಮಚ್ಚೆ. ಫ್ರಿಜ್‌ನಿಂದ ತೆಗೆದ ತಣ್ಣಗಿನ ಚಾಕೊಲೇಟಿನ ಮೇಲೆ ಗಾಳಿಯ ತೇವ ಹನಿಗಟ್ಟಿ, ಮೇಲ್ಮೈಯ ಸಕ್ಕರೆ ಕರಗಿ, ನೀರು ಆರಿದ ಮೇಲೆ ಒರಟು ಹರಳಾಗಿ ಉಳಿದರೆ ಅದು ಸಕ್ಕರೆಯ ಮಚ್ಚೆ.

ಬೆರಳಿನಿಂದ ಉಜ್ಜಿ ನೋಡಿ. ಕೊಬ್ಬಿನ ಮಚ್ಚೆ ಬೆರಳಿನ ಬಿಸಿಗೆ ಕರಗಿ ಮಾಯವಾಗುತ್ತದೆ. ಸಕ್ಕರೆಯದು ತರಿತರಿಯಾಗಿಯೇ ಇರುತ್ತದೆ. ಎರಡೂ ತಿನ್ನಲು ಅಪಾಯಕಾರಿಯಲ್ಲ, ರೂಪ ಮತ್ತು ನಯ ಮಾತ್ರ ಕೆಟ್ಟಿರುತ್ತದೆ. ಆದರೆ ಮಚ್ಚೆ ತುಪ್ಪುಳದಂತಿದ್ದರೆ, ಹಸಿರು ಅಥವಾ ಕಪ್ಪು ಬಣ್ಣವಿದ್ದರೆ, ಒಡೆದ ಕವಚದಿಂದ ಹೂರಣ ಹೊರಬಂದ ಜಾಗದಲ್ಲಿದ್ದರೆ ಅದು ಬೂಷ್ಟೇ. ಆಗ ಇಡೀ ಚಾಕೊಲೇಟನ್ನು ಎಸೆಯಬೇಕು.

ಸಕ್ಕರೆಯ ಮಚ್ಚೆ ಬಾರದಂತೆ ಫ್ರಿಜ್‌ನಲ್ಲಿ ಗಾಳಿಯಾಡದ ಡಬ್ಬಿಯಲ್ಲಿಡಿ. ಹೊರತೆಗೆದ ಮೇಲೆ ಡಬ್ಬಿ ಕೋಣೆಯ ಬಿಸಿಗೆ ಬರುವ ತನಕ ಮುಚ್ಚಳ ತೆರೆಯಬೇಡಿ. ಆಗ ತೇವ ಕೂರುವುದು ಡಬ್ಬಿಯ ಹೊರಮೈ ಮೇಲೆ.

ಎಷ್ಟು ದಿನ ಇಡಬಹುದು?

ಚಾಕೊಲೇಟ್ ಕೆಡುವುದಿಲ್ಲ, ಅದರಲ್ಲಿ ಅಷ್ಟೊಂದು ಸಕ್ಕರೆ ಇದೆಯಲ್ಲ ಎಂಬ ನಂಬಿಕೆ ಇಲ್ಲಿ ನಿಜವಾಗಿ ಅಪಾಯಕಾರಿ. ಹೂರಣವಿಲ್ಲದ ಗಟ್ಟಿ ಚಾಕೊಲೇಟಿಗೆ ಅದು ಬಹುಮಟ್ಟಿಗೆ ಸರಿ. ಹೂರಣದ ಚಾಕೊಲೇಟಿಗೆ ಅಲ್ಲ.

ಆಹಾರದಲ್ಲಿ ಒಟ್ಟು ಎಷ್ಟು ನೀರಿದೆ ಎನ್ನುವುದಕ್ಕಿಂತ, ಅದರಲ್ಲಿ ಎಷ್ಟು ಸೂಕ್ಷ್ಮಜೀವಿಗಳಿಗೆ ಸಿಗುವಂತಿದೆ ಎನ್ನುವುದು ಮುಖ್ಯ. ಇದನ್ನು 0ಯಿಂದ 1ರವರೆಗೆ ಅಳೆಯುತ್ತಾರೆ. ಶುದ್ಧ ನೀರಿಗೆ 1, ಹಾಲಿಗೆ 0.99ರ ಹತ್ತಿರ, ಜೇನುತುಪ್ಪಕ್ಕೆ ಸುಮಾರು 0.6. ಸಕ್ಕರೆ, ಉಪ್ಪು ನೀರನ್ನು ಹಿಡಿದಿಟ್ಟುಕೊಂಡು ಈ ಅಂಕಿಯನ್ನು ಇಳಿಸುತ್ತವೆ. ಉಪ್ಪಿನಕಾಯಿ ಬಹುಕಾಲ ಬರುವುದರಲ್ಲಿ ಇದರ ಪಾತ್ರವೂ ಇದೆ. 0.91ಕ್ಕಿಂತ ಕೆಳಗೆ ಹೆಚ್ಚಿನ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಆದರೆ ಆಹಾರವನ್ನು ವಿಷವಾಗಿಸುವ ಸ್ಟಫೈಲೊಕಾಕಸ್ ಆರಿಯಸ್ 0.86ರವರೆಗೂ ಬೆಳೆಯಬಲ್ಲದು. ಬೂಷ್ಟು ಇನ್ನೂ ಕೆಳಗೂ ಬೆಳೆಯುತ್ತದೆ. ಮನೆಯ ಕ್ರೀಮ್ ಹೂರಣ ಸಾಮಾನ್ಯವಾಗಿ ಬೀಳುವುದು ಈ ಅನುಮಾನದ ವಲಯದಲ್ಲೇ. ನಾವು ಮೇಲೆ ಕೊಟ್ಟ ಅಳತೆಯ ಹೂರಣದ ತೂಕದಲ್ಲಿ ಐದನೇ ಒಂದು ಭಾಗ ನೀರು.

ಹಾಗಾಗಿ ಕ್ರೀಮ್ ಹೂರಣದ ಚಾಕೊಲೇಟನ್ನು ಫ್ರಿಜ್‌ನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ. ತಿನ್ನುವ ಅರ್ಧ ಗಂಟೆ ಮುಂಚೆ ಹೊರತೆಗೆದರೆ ಸಾಕು. ಬೇಸಿಗೆಯಲ್ಲಿ ಮೇಜಿನ ಮೇಲೆ ದಿನವಿಡೀ ಇಡಬೇಡಿ, ಕೊರಿಯರ್‌ನಲ್ಲಿ ದೂರದ ಊರಿಗೆ ಕಳಿಸಬೇಡಿ.

ಕಳಿಸಲೇಬೇಕಿದ್ದರೆ ನೀರಿಲ್ಲದ ಹೂರಣ ಮಾಡಿ. 120 ಗ್ರಾಂ ಗೋಡಂಬಿಯನ್ನು ಹುರಿದು, ಆರಿಸಿ, ನೀರು ಹಾಕದೆ ಎಣ್ಣೆ ಬಿಟ್ಟು ನುಣ್ಣಗಾಗುವವರೆಗೆ ಮಿಕ್ಸಿಯಲ್ಲಿ ತಡೆತಡೆದು ಅರೆಯಿರಿ. 100 ಗ್ರಾಂ ಹಾಲಿನ ಚಾಕೊಲೇಟ್ ಕರಗಿಸಿ ಬೆರೆಸಿ. 4 ಗ್ರಾಂ ಇನ್‌ಸ್ಟಂಟ್ ಕಾಫಿಯನ್ನು ಮೊದಲೇ ಹಿಟ್ಟಿನಂತೆ ಪುಡಿಮಾಡಿ ಸೇರಿಸಿ. ಕಾಫಿ ಪುಡಿ ಕೊಬ್ಬಿನಲ್ಲಿ ಕರಗುವುದಿಲ್ಲ, ಹಾಗಾಗಿ ನುಣುಪಾಗಿರಬೇಕು. ಬಿಸಿನೀರಿನಲ್ಲಿ ಕರಗಿಸಿ ಹಾಕಿದರೆ ಮತ್ತೆ ಅದೇ ಮುದ್ದೆ. ಈ ಹೂರಣದ ಚಾಕೊಲೇಟ್ ತಂಪಾದ ಜಾಗದಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ ಮೂರು ವಾರ ಬರುತ್ತದೆ. ಗೋಡಂಬಿ ಇದೆ ಎಂದು ಡಬ್ಬಿಯ ಮೇಲೆ ಬರೆಯಲು ಮರೆಯಬೇಡಿ. ಅದು ಕೆಲವರಿಗೆ ಅಲರ್ಜಿ.

ಇಲ್ಲೂ ಒಂದು ಎಚ್ಚರಿಕೆ ಇದೆ. ಒಣ ಚಾಕೊಲೇಟಿನಲ್ಲಿ ಸಾಲ್ಮೊನೆಲ್ಲಾ ಬೆಳೆಯದಿದ್ದರೂ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು. ಕೈ ಮತ್ತು ಪಾತ್ರೆಗಳ ಸ್ವಚ್ಛತೆಗೆ ಯಾವುದೂ ಬದಲಿಯಲ್ಲ. ಮಾರುವ ಉದ್ದೇಶವಿದ್ದರೆ, ಅದು ಮನೆಯಿಂದಲೇ ಆದರೂ, ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಬೇಕು.

ಇದನ್ನು ತಿಂದರೆ ನಿದ್ದೆ ಹೋಗುತ್ತದೆಯೇ?

ಲೆಕ್ಕ ಹಾಕೋಣ. ಚಿಕೋರಿ ಬೆರೆಯದ ಇನ್‌ಸ್ಟಂಟ್ ಕಾಫಿಯ 1 ಗ್ರಾಂನಲ್ಲಿ ಸುಮಾರು 30 ಮಿ.ಗ್ರಾಂ ಕೆಫೀನ್ ಇರುತ್ತದೆ. 4 ಗ್ರಾಂಗೆ 120. ಕೋಕೋದಲ್ಲೂ ಕೆಫೀನ್ ಇದೆ, ಶೇ. 50ರ ಆಸುಪಾಸಿನ 320 ಗ್ರಾಂ ಚಾಕೊಲೇಟಿನಿಂದ ಇನ್ನೊಂದು 140 ಮಿ.ಗ್ರಾಂ ಬರುತ್ತದೆ. ಒಟ್ಟು 260 ಅನ್ನು 30 ಚಾಕೊಲೇಟಿಗೆ ಹಂಚಿದರೆ ಒಂದಕ್ಕೆ ಸುಮಾರು 9 ಮಿ.ಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ ಕೆಫೀನ್ ಇರುತ್ತದೆ, ದಿನದ ಮಿತಿ 300. ಅಂದರೆ ಒಂದು ಲೋಟ ಕಾಫಿಗೆ ಸಮವಾಗಲು ಹತ್ತು ಚಾಕೊಲೇಟ್ ಬೇಕು. ರಾತ್ರಿ ಊಟದ ನಂತರ ಒಂದೆರಡು ತಿಂದರೆ ಹೆಚ್ಚಿನವರ ನಿದ್ದೆಗೆ ಭಂಗವಿಲ್ಲ.

ಮಕ್ಕಳ ದೇಹದ ತೂಕ ಕಡಿಮೆ, ಅವರಿಗೆ ಒಂದು ಸಾಕು. ಗರ್ಭಿಣಿಯರು ದಿನಕ್ಕೆ 200 ಮಿ.ಗ್ರಾಂ ಕೆಫೀನ್ ಮೀರಬಾರದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಕುಡಿಯುವ ಕಾಫಿ, ಚಹಾದ ಜೊತೆ ಇದನ್ನೂ ಕೂಡಿಸಿ ನೋಡಿದರೆ ಸಾಕು. ನಾಯಿಗೆ ಮಾತ್ರ ಒಂದು ಚೂರೂ ಹಾಕಬೇಡಿ. ಕೋಕೋದ ಥಿಯೋಬ್ರೊಮಿನ್ ನಾಯಿಯ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ. ಕೆಫೀನ್ ಕೂಡ ಸೇರಿ ವಾಂತಿ, ನಡುಕ, ಎದೆಬಡಿತದ ಏರುಪೇರು ಉಂಟಾಗಬಹುದು. ತಿಂದಿದ್ದರೆ ಕಾಯದೆ ಪಶುವೈದ್ಯರಿಗೆ ತಿಳಿಸಿ.

ಹೊಳಪಿಗೆ ಮೇಣ ಹಾಕುತ್ತಾರೆಯೇ?

ಅಚ್ಚಿನಲ್ಲಿ ಹಾಕಿ ತೆಗೆದ ಒಳ್ಳೆಯ ಚಾಕೊಲೇಟ್ ಮಿರುಗಲು ಮೇಣ ಬೇಕಿಲ್ಲ. ಸರಿಯಾದ ಹರಳು ಮತ್ತು ನುಣುಪಾದ ಅಚ್ಚು, ಇವೆರಡೇ ಆ ಹೊಳಪಿನ ಗುಟ್ಟು. ಅಚ್ಚಿನ ಗುಳಿಗಳನ್ನು ಒಣ ಹತ್ತಿಯಿಂದ ಉಜ್ಜಿ ಸುರಿದು ನೋಡಿ, ವ್ಯತ್ಯಾಸ ತಿಳಿಯುತ್ತದೆ.

ಕೊನೆಯದಾಗಿ, ಚಾಕೊಲೇಟ್ ಮಾಡಲು ಶುರುಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಯಾರು, ಯಾವಾಗ ತಿನ್ನುತ್ತಾರೆ? ಮನೆಯವರು ಈ ವಾರ ತಿನ್ನುವುದಾದರೆ ಕ್ರೀಮ್ ಹೂರಣ ಇರಲಿ, ಫ್ರಿಜ್ ಇರಲಿ. ಬೇರೆ ಊರಿನ ನೆಂಟರಿಗೆ ಹೋಗುವುದಾದರೆ ಗೋಡಂಬಿ ಹೂರಣ ಇರಲಿ. ಡಬ್ಬಿಯ ಮೇಲೆ ಮಾಡಿದ ದಿನಾಂಕ ಬರೆದುಬಿಡಿ. ಪಡೆದವರು ಅದನ್ನು ನೋಡಿಯೇ ತಿನ್ನಲಿ.